ಮನೆಯಿಂದ ತಂದ ಮಾತು

ತಲೆಯ ಮೇಲೆ ಹೊರೆ ಇಡುವ ಮೊದಲು ಬಟ್ಟೆ ಸುತ್ತಿ ಮಾಡಿಕೊಳ್ಳುವ ಸಿಂಬಿಗೆ ಅವ್ವ ಏನನ್ನುತ್ತಿದ್ದಳು ಎಂಬುದು ಬೆಳಿಗ್ಗೆಯಿಂದ ಅನ್ಸೆಲ್ಮಾಗೆ ನೆನಪಾಗುತ್ತಿರಲಿಲ್ಲ. ಹಲ್ಲುಜ್ಜುವಾಗ ಸುಮ್ಮನೆ ಆ ಸಿಂಬಿ ಕಣ್ಣ ಮುಂದೆ ಬಂದಿತ್ತು. ನೀಲಿ ಅಂಚಿನ ಹಳೆಯ ಬಟ್ಟೆ, ಅದಕ್ಕೆ ಅಂಟಿದ ಬೆವರಿನ ವಾಸನೆ, ಎಲ್ಲ ಬಂತು. ಮಾತು ಮಾತ್ರ ಬರಲಿಲ್ಲ. ಕಪಾಟಿನಲ್ಲಿ ಅವಳೇ ವರ್ಷಗಟ್ಟಲೆ ಕೂತು ಮಾಡಿದ ನಿಘಂಟು ಇತ್ತು, ತೆಗೆದು ನೋಡಿದ್ದರೆ ಮುಗಿಯುತ್ತಿತ್ತು. ಅವ್ವನ ಮಾತನ್ನು ಪುಸ್ತಕದಲ್ಲಿ ಹುಡುಕುವ ಗತಿ ಬಂತಲ್ಲ ಎನ್ನಿಸಿ ಮುಟ್ಟಲಿಲ್ಲ. ಅಕ್ಕ ಸತ್ತ ಮೇಲೆ ಮನೆಯಲ್ಲಿ ದ್ವೀಪದ ಹಳೆಯ, ಫ್ರೆಂಚ್ ಮೂಲದ ಮಾತಾದ ಕ್ವೆಯೋಲ್ ಆಡಲು ಯಾರೂ ಉಳಿದಿರಲಿಲ್ಲ. ಬೆಕ್ಕಿನ ಜೊತೆ ಆಡುತ್ತಿದ್ದಳು. ಬೆಕ್ಕಿಗೆ ಬೇಕಾಗುವ ಮಾತು ಎಷ್ಟು? ಬಾ, ಹೋಗು, ಮೀನು, ಸಾಕು. ಒಂದು ಭಾಷೆ ಹೀಗೆ ನಾಲ್ಕು ಮಾತಿಗೆ ಇಳಿಯುವುದನ್ನು ಅವಳು ಎಷ್ಟೋ ಸಭೆಗಳಲ್ಲಿ ಅಂಕಿಅಂಶ ಇಟ್ಟು ವಿವರಿಸಿದ್ದಳು. ತನ್ನ ಅಡುಗೆಮನೆಯಲ್ಲೇ ಆಗುತ್ತದೆಂದು ಯಾವ ಅಂಕಿಯೂ ಹೇಳಿರಲಿಲ್ಲ.

"ಮಲಗಿದ್ರಾ ಡಾಕ್ಟ್ರೇ? ಇನ್ನೇನು ಬಂತು ಬೆಲ್ ರವೀನ್," ಎಂದ ಮಾರ್ಟಿನಸ್, ಕಾರನ್ನು ತಿರುವಿನಲ್ಲಿ ನಿಧಾನ ಮಾಡುತ್ತ. ಅವನು ಒಂದು ಕಾಲದಲ್ಲಿ ಭಾಷಾಶಾಸ್ತ್ರದಲ್ಲಿ ಅವಳ ಶಿಷ್ಯ. ಈಗ ತಲೆ ನರೆತಿದೆ, ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿ. ಸೇಂಟ್ ಲೂಷಿಯಾ ದ್ವೀಪದಲ್ಲಿ ಮೊದಲ ಸಲ, ಈ ಊರಿನ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಬದಲು ಕ್ವೆಯೋಲ್‌ನಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆದಿತ್ತು, ಅದರ ಹೊಣೆ ಅವನದು. ಮೂರು ತಿಂಗಳಾಗಿದೆ. ಇವತ್ತು ಅನ್ಸೆಲ್ಮಾ ಬಂದು ನೋಡಿ, ಊರಿನವರ ಮುಂದೆ ನಾಲ್ಕು ಮಾತಾಡಿ, ಚೆನ್ನಾಗಿದೆ ಎಂದರೆ ಮುಂದಿನ ವರ್ಷ ಹತ್ತು ಶಾಲೆ ಎಂದು ಮೇಲಿನವರು ಒಪ್ಪಿದ್ದರು. "ನಿಮ್ಮ ಬಾಯಿಂದ ಬಂದ್ರೆ ಸಾಕು ಡಾಕ್ಟ್ರೇ. ನಿಮ್ಮ ಮಾತಿಗೆ ಎದುರಾಡೋರು ಈ ದ್ವೀಪದಲ್ಲಿ ಯಾರಿದಾರೆ," ಎಂದ. ಎದುರಾಡುವವರೆಲ್ಲ ಸತ್ತಿದ್ದಾರೆ ಎಂದು ಅನ್ಸೆಲ್ಮಾ ಅಂದುಕೊಂಡಳು. ಅವಳ ಜೊತೆ ಜಗಳವಾಡಿದ ಪಾದ್ರಿಗಳು, ಇನ್‌ಸ್ಪೆಕ್ಟರುಗಳು, ಮಂತ್ರಿಗಳು, ಎಲ್ಲ. ಗೆದ್ದದ್ದನ್ನು ತೋರಿಸಲು ಸೋತವರಲ್ಲಿ ಒಬ್ಬರಾದರೂ ಬದುಕಿರಬೇಕಿತ್ತು.

ಶಾಲೆಯ ಬಾಗಿಲಲ್ಲಿ ಹೆಣ್ಣುಮಕ್ಕಳು ಮದ್ರಾಸ್ ಚೌಕಳಿ ಬಟ್ಟೆಯ ಲಂಗ ತೊಟ್ಟು ಸಾಲಾಗಿ ನಿಂತಿದ್ದರು. ಮಾರ್ಟಿನಸ್ ಕೈ ಎತ್ತಿದ ಕೂಡಲೇ ಒಟ್ಟಿಗೆ ರಾಗವಾಗಿ ಕ್ವೆಯೋಲ್‌ನಲ್ಲಿ ಸ್ವಾಗತ ಹೇಳಿದರು. ಎಷ್ಟು ಸ್ಪಷ್ಟವಾಗಿತ್ತೆಂದರೆ ಅನ್ಸೆಲ್ಮಾ ಬಾಗಿಲಲ್ಲೇ ನಿಂತು ಕೊನೆಯ ತನಕ ಕೇಳಿದಳು. ಹಲಗೆಯ ಮೇಲೆ ಅವಳೇ ತೀರ್ಮಾನಿಸಿದ ಕಾಗುಣಿತದಲ್ಲಿ ಕ್ವೆಯೋಲ್ ಅಕ್ಷರಗಳು. ಅಕ್ಷರದ ತಲೆಯ ಮೇಲಿನ ಒಂದು ಗೆರೆ ಎಡಕ್ಕೆ ವಾಲಬೇಕೋ ಬಲಕ್ಕೋ ಎಂದು ಮೂರು ದಿನ ವಾದ ನಡೆದ ಸಭೆ ನೆನಪಾಯಿತು. ಆ ಗೆರೆ ಈಗ ಸೀಮೆಸುಣ್ಣದಲ್ಲಿ, ಒಂದು ಮೀನಿನ ಚಿತ್ರದ ಕೆಳಗೆ, ಯಾರ ಹಂಗೂ ಇಲ್ಲದೆ ಕೂತಿತ್ತು. ಮಿಸ್ ಜೆರ್ಲಿನ್ ಎಂಬ ಟೀಚರು ಚಿಕ್ಕ ವಯಸ್ಸಿನವಳು. ಅವಳು ಚಿತ್ರ ತೋರಿಸಿದಳು, ಮಕ್ಕಳು ಹೆಸರು ಹೇಳಿದರು. ಮೀನು, ದೋಣಿ, ಬಾಳೆಕಾಯಿ, ಮಳೆ. ಒಂದೂ ತಪ್ಪಲಿಲ್ಲ. ಮಾರ್ಟಿನಸ್ ಫೋಟೋ ತೆಗೆದ. ಅಷ್ಟಕ್ಕೇ ಮುಗಿಸಿದ್ದರೆ ಅವತ್ತಿನ ದಿನ ನಗುನಗುತ್ತಾ ಕಳೆಯುತ್ತಿತ್ತು. ಆದರೆ ಅನ್ಸೆಲ್ಮಾಗೆ ಸಂತೋಷವಾಗಿತ್ತು, ಸಂತೋಷವಾದಾಗ ಮನುಷ್ಯ ಮಾತಾಡಿಸುತ್ತಾನೆ. ಮೊಣಕಾಲು ನೋವಿದ್ದರೂ ಪುಟ್ಟ ಕುರ್ಚಿಯ ಮೇಲೆ ಕೂತು ಕ್ವೆಯೋಲ್‌ನಲ್ಲಿ ಕೇಳಿದಳು, "ಇವತ್ತು ನಿಮ್ಮನ್ನ ಸ್ಕೂಲಿಗೆ ಯಾರು ಕರ್ಕೊಂಡು ಬಂದ್ರು?"

ಮಕ್ಕಳು ನಗುತ್ತಲೇ ಇದ್ದರು. ಅವರಿಗೆ ಅರ್ಥವಾಗಿಲ್ಲವೆಂದು ಮೊದಲು ಅವಳಿಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಕೇಳಿದಳು. ಒಬ್ಬ ಹುಡುಗ ಅಂದಾಜಿನ ಮೇಲೆ "ಮೀನು" ಎಂದ. ಮಿಸ್ ಜೆರ್ಲಿನ್ ಮುಂದೆ ಬಗ್ಗಿ, ಪರೀಕ್ಷೆಯಲ್ಲಿ ಪಕ್ಕದವನಿಗೆ ತೋರಿಸುವವರ ಹಾಗೆ, ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಮಕ್ಕಳ ಮುಖ ತಟ್ಟನೆ ಬಿಚ್ಚಿಕೊಂಡಿತು. ಎರಡನೇ ಸಾಲಿನಿಂದ ಒಂದು ಹುಡುಗಿ ಎದ್ದಳು. ಎರಡು ಜಡೆ, ಒಂದು ಹಲ್ಲು ಬಿದ್ದಿದೆ, ಹೆಸರು ಶರ್ನೆಲ್. ಅವಳಿಗೆ ಹೇಳುವುದು ಬೇಕಾದಷ್ಟಿತ್ತು, ಮನೆಯಲ್ಲಾಡುವ ಇಂಗ್ಲಿಷಿನಲ್ಲಿ. "ನಮ್ ಗ್ರ್ಯಾನಿ ನನ್ನ ತಂದು ಬಿಡ್ತು ಮಿಸ್. ದಾರೀಲಿ ಅಷ್ಟೊಂದು ಬಿಸಿ ಮಾಡ್ತಾ ಐತೆ, ಗ್ರ್ಯಾನಿ ಕಲ್ ಮ್ಯಾಲೆ ಕೂತ್ಬಿಡ್ತು, ನೀನೇ ಹೋಗು ಅಂತು, ನಾ ಹೋಗಲ್ಲ ಅಂದೆ, ನಾ ಅದರ ಕೈ ಹಿಡ್ದು ಎಳ್ದೆ ಮಿಸ್—"

"'ಬಿಸಿ ಮಾಡ್ತಾ ಐತೆ' ಅಲ್ಲ ಮಗು," ಎಂದಳು ಅನ್ಸೆಲ್ಮಾ, ಇಂಗ್ಲಿಷಿನಲ್ಲಿ. "'ತುಂಬಾ ಬಿಸಿಲಿತ್ತು' ಅನ್ನಬೇಕು. ಎಲ್ಲಿ, ಇನ್ನೊಮ್ಮೆ ಸರಿಯಾಗಿ ಹೇಳು ನೋಡೋಣ."

ಯಾರೋ ಕಿಸಕ್ಕೆಂದರು. ಶರ್ನೆಲ್ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ತುಂಬಾ ಬಿಸಿಲಿತ್ತು ಮಿಸ್," ಎಂದು ಕೂತುಬಿಟ್ಟಳು. ಗ್ರ್ಯಾನಿ ಎದ್ದಳೋ ಇಲ್ಲವೋ, ಆಮೇಲೆ ಏನಾಯಿತು, ಅದೆಲ್ಲ ಒಳಗೇ ಉಳಿಯಿತು.

ಅನ್ಸೆಲ್ಮಾ ಆ ಮೌನವನ್ನು ಬಲ್ಲಳು. ಏಳು ವರ್ಷದವಳಿದ್ದಾಗ ಅಣ್ಣನಿಗೆ ಜ್ವರ, ಇವತ್ತು ಬರುವುದಿಲ್ಲ ಎಂದು ಕಾನ್ವೆಂಟ್ ಶಾಲೆಯ ಸಿಸ್ಟರಿಗೆ ಹೇಳು ಎಂದು ಅವ್ವ ಕಳಿಸಿದ್ದಳು. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹಿಡಿದುಕೊಂಡು ಹೋದವಳು ಸಿಸ್ಟರ ಮೇಜಿನ ಮುಂದೆ ನಿಂತು ಕ್ವೆಯೋಲ್‌ನಲ್ಲಿ ಅಂದಳು. ಸರಿಯಾಗಿ ಹೇಳು, ಎಂದರು ಸಿಸ್ಟರು. ಅವಳಿಗೆ ಇಂಗ್ಲಿಷಿನಲ್ಲಿ ಜ್ವರ ಗೊತ್ತಿರಲಿಲ್ಲ. ಗಂಟೆ ಹೊಡೆಯುವ ತನಕ ನಿಂತಿದ್ದಳು. ಮರುದಿನ ಅಣ್ಣನಿಗೆ ಹೇಳದೆ ಕೇಳದೆ ತಪ್ಪಿಸಿಕೊಂಡದ್ದಕ್ಕೆ ಬೆತ್ತದ ಏಟು ಬಿತ್ತು, ಜ್ವರದ ಕೈಯ ಮೇಲೆ. ಈ ಕಥೆಯಿಂದಲೇ ಅವಳು ತನ್ನ ಭಾಷಣಗಳನ್ನೆಲ್ಲ ಶುರು ಮಾಡುತ್ತಿದ್ದಳು. ಕಿಂಗ್‌ಸ್ಟನ್‌ನಲ್ಲಿ, ಪ್ಯಾರಿಸ್‌ನಲ್ಲಿ, ಮಾರಿಷಸ್‌ನಲ್ಲಿ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಹೇಳಿ ಹೇಳಿ ಕಥೆ ಸವೆದು, ಬಹಳ ವರ್ಷಗಳಿಂದ ಅವಳಿಗೇ ಅದರಲ್ಲಿ ನೋವು ಸಿಗುತ್ತಿರಲಿಲ್ಲ. ಈಗ ಸಿಕ್ಕಿತು. ಆದರೆ ಕಥೆಯಲ್ಲಿ ಅವಳು ನಿಂತ ಜಾಗ ಬೇರೆಯಾಗಿತ್ತು. ಮಗು ತಾನಲ್ಲ, ತಾನು ಮೇಜಿನ ಆಚೆ ಕೂತವಳು.

ಊಟಕ್ಕೆ ಬೇಯಿಸಿದ ಬಾಳೆಕಾಯಿ, ಉಪ್ಪುಮೀನಿನ ಪಲ್ಯ. ತಟ್ಟೆ ಹಿಡಿದು ಮಾವಿನ ಮರದ ಕೆಳಗೆ ನಿಂತವಳಿಗೆ ಮೊದಲ ತುತ್ತಿನಲ್ಲೇ ಸಿಂಬಿಯ ಹೆಸರು ನೆನಪಾಯಿತು, ಕರೆಯದೆ ಬಂದ ನೆಂಟರ ಹಾಗೆ. ತಿರುಗಿ ನೋಡಿದರೆ ಹೇಳಲು ಯಾರೂ ಇರಲಿಲ್ಲ. ಮಾರ್ಟಿನಸ್ ಫೋನಿನಲ್ಲಿದ್ದ. ಮಿಸ್ ಜೆರ್ಲಿನ್ ಮರದ ಹಿಂದೆ ನಿಂತು, ಅವಳು ನೋಡುತ್ತಿಲ್ಲ ಎಂದುಕೊಂಡು, ಕಣ್ಣೊರೆಸಿಕೊಳ್ಳುತ್ತಿದ್ದಳು. ನಲವತ್ತು ವರ್ಷ ತಾನು ಹೇಳಿದ್ದಾದರೂ ಏನು? ಒಂದೇ ಮಾತು. ಮಗು ಮನೆಯಿಂದ ಯಾವ ಮಾತನ್ನು ತರುತ್ತದೋ ಅದರಲ್ಲೇ ಅದರ ಮೊದಲ ಪುಸ್ತಕ ಇರಬೇಕು. ಈ ಮಕ್ಕಳು ಮನೆಯಿಂದ ತಂದದ್ದು ಯಾವುದು? ಅದಕ್ಕೆ ಹೆಸರಿಲ್ಲ. ಜನ ಅದನ್ನು ಹುಳುಕು ಇಂಗ್ಲಿಷ್ ಎನ್ನುತ್ತಾರೆ. ಹಿಂದೆ ಮಾರ್ಟಿನಸ್, ಆಗ ಅವನ ತಲೆ ಕಪ್ಪಗಿತ್ತು, ಬಸ್ಸಿನವರು, ಸಂತೆಯ ಮಕ್ಕಳು ಆಡುವ ಇದೇ ಮಾತನ್ನು ಟೇಪು ಮಾಡಿಕೊಂಡು ಅವಳ ಕೋಣೆಗೆ ಬಂದಿದ್ದ. ಇದರ ಮೇಲೆ ಪ್ರಬಂಧ ಬರೆಯುತ್ತೇನೆ ಎಂದಿದ್ದ. ಅವಳು ಒಂದು ಟೇಪನ್ನೂ ಪೂರ್ತಿ ಕೇಳಲಿಲ್ಲ. ಇದು ಭಾಷೆಯಲ್ಲ ಮಾರ್ಟಿನಸ್, ಎಂದಳು, ಒಂದು ಭಾಷೆ ಸಾಯುವಾಗ ಬಿಡುವ ಏದುಸಿರು. ಆ ಮಾತು ಚೆನ್ನಾಗಿದೆ ಎಂದು ಆಗ ಅವಳಿಗೇ ಅನ್ನಿಸಿತ್ತು. ಅವನು ಟೇಪು ಎತ್ತಿಕೊಂಡು ಹೋಗಿ, ಕ್ವೆಯೋಲ್ ಕ್ರಿಯಾಪದಗಳ ಮೇಲೆ ಬರೆದ.

"ನೀವೇ ಏನು ಡಾಕ್ಟರಮ್ಮ ಅಂದ್ರೆ?" ಯಾರೋ ಕ್ವೆಯೋಲ್‌ನಲ್ಲಿ ಕೇಳಿದರು. ಎತ್ತರದ ಮುದುಕಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. "ನಾನು ಟಿಟಿನ್, ಊರಿಗೆಲ್ಲ ಮಾ ಟಿಟಿನ್. ಶರ್ನೆಲ್‌ಳ ಅಜ್ಜಿ. ರೇಡಿಯೋದಲ್ಲಿ ನಿಮ್ಮ ದನಿ ಕೇಳಿದ್ದೆ. ಇನ್ನೂ ದಪ್ಪಗಿದೀರಿ ಅಂದ್ಕೊಂಡಿದ್ದೆ." ಅನ್ಸೆಲ್ಮಾ ನಕ್ಕಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು. ಮಾತು ಹರಿಯಿತು: ಮೊಣಕಾಲು ನೋವು, ಈ ಸಲದ ದೀವಿಹಲಸಿನ ಫಸಲು, ಸತ್ತವರು. ಬಾಯಿ ತನ್ನಷ್ಟಕ್ಕೆ ಮನೆ ಸೇರಿದ ಹಾಗಿತ್ತು. ಆಗ ಶರ್ನೆಲ್ ಓಡಿ ಬಂದಳು, ಅನ್ಸೆಲ್ಮಾಳನ್ನು ಕಂಡು ಅಲ್ಲೇ ನಿಂತಳು. ಮಾ ಟಿಟಿನ್ ತಟ್ಟನೆ ನಾಲಿಗೆ ಬದಲಾಯಿಸಿ, "ಹೋಗು, ನೆಳ್ಳಲ್ಲಿ ಕೂತ್ಕೊ, ಇನ್ನೂ ಬಿಸಿ ಮಾಡ್ತಾ ಐತೆ," ಎಂದಳು, ಇಂಗ್ಲಿಷಿನಲ್ಲಿ. ಅವಳದೇ ಆದ ಇಂಗ್ಲಿಷಿನಲ್ಲಿ.

ಮಗು ಹೋಯಿತು. "ಅವಳ ಜೊತೆ ಕ್ವೆಯೋಲ್ ಆಡಲ್ವಾ ನೀವು?" ಎಂದು ಅನ್ಸೆಲ್ಮಾ ಕೇಳಿದಳು.

"ಪತ್ವಾನಾ?" ಮಾ ಟಿಟಿನ್ ಹಳೆಯ ಹೆಸರನ್ನೇ ಹೇಳಿದಳು. "ಎಲ್ಲಿ ಆಡ್ಲಿ. ಇದರ ಅವ್ವ ಇದು ಕೈಗೂಸಾಗಿದ್ದಾಗ್ಲೇ ಆಚೆ ದ್ವೀಪ ಸೇಂಟ್ ಕ್ರಾಯ್‌ಗೆ ಹೋಟ್ಲು ಕೆಲಸಕ್ಕೆ ಹೋದ್ಲು. ಅವ್ವಾ, ನನ್ನಂಗೆ ಆಗೋದು ಬೇಡ, ಮಗೂಗೆ ಇಂಗ್ಲಿಷಲ್ಲೇ ಮಾತಾಡು ಅಂತ ಫೋನಲ್ಲಿ ಅತ್ಲು. ನಂಗೆಲ್ಲಿತ್ತು ಇಂಗ್ಲಿಷು? ತಿಣುಕಿ ತಿಣುಕಿ ಒಂದೊಂದೇ ಮಾತು ಹೊಂದಿಸ್ಕೊಂಡು ಆಡ್ದೆ. ಕೂಸು ಅದನ್ನೇ ತಗೊಂಡ್ತು. ಈಗ ನನಗಿಂತ ಪಟಪಟ ಅಂತದೆ." ಸ್ವಲ್ಪ ತಡೆದು, "ಯಾಕೆ, ಒಳಗೇನಾರ ತಪ್ಪಾಡ್ತಾ?" ಎಂದಳು.

"ಇಲ್ಲ," ಎಂದಳು ಅನ್ಸೆಲ್ಮಾ. "ಚೆನ್ನಾಗಿ ಮಾತಾಡಿದ್ಲು."

ಅವ್ವನ ಕ್ವೆಯೋಲ್‌ನಲ್ಲಿ ಬಿಸಿಲು ಇರುವುದಲ್ಲ, ಮಾಡುವುದು. ಕಾಣದ ಯಾರೋ ಕೂತು ಬಿಸಿ ಮಾಡುತ್ತಾರೆ, ಕತ್ತಲೆ ಮಾಡುತ್ತಾರೆ, ಚಳಿ ಮಾಡುತ್ತಾರೆ. ಇದರ ಬಗ್ಗೆ ಅನ್ಸೆಲ್ಮಾ ವ್ಯಾಕರಣದ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಬರೆದಿದ್ದಳು. ಮುದುಕಿ ಆ ಎಲುಬಿಗೆ ಇಂಗ್ಲಿಷ್ ಪದಗಳನ್ನು ಹೊದಿಸಿ ಮಗುವಿನ ಬಾಯಿಗಿಟ್ಟಿದ್ದಳು. ಬೆಳಿಗ್ಗೆ ತಾನು ಅದೇ ಎಲುಬನ್ನು ಹುಡುಕಿ ಮುರಿದಿದ್ದಳು. ಏನೂ ತಿಳಿಯದವರು ಮಾಡಿದ್ದರೆ ಬೇರೆ ಮಾತು. ಅನ್ಸೆಲ್ಮಾ ತಟ್ಟೆ ಕೆಳಗಿಟ್ಟಳು.

ಸಭೆ ಶಾಲೆಯ ಹಿಂದಿನ ತಗಡಿನ ಮಾಡಿನ ಕೆಳಗೆ. ಮುಂದೆ ಮುದುಕ ಮುದುಕಿಯರು, ಹಿಂದೆ ಕಿರಿಯ ತಾಯಂದಿರು, ಕೆಲಸದ ನಡುವೆ ಬಂದ ಗಂಡಸರು. ಮಾರ್ಟಿನಸ್ ಅವಳ ಬಗ್ಗೆ ಹೇಳಿ, ಡಾಕ್ಟರು ಎಂದಿನಂತೆ ಕ್ವೆಯೋಲ್‌ನಲ್ಲೇ ಮಾತಾಡುತ್ತಾರೆ, ತಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದ. ಈ ದ್ವೀಪದ ಯಾವ ವೇದಿಕೆಯ ಮೇಲೂ ಇಂಗ್ಲಿಷ್ ಆಡುವುದಿಲ್ಲ ಎಂಬುದು ಅವಳ ಹಳೆಯ ಹಟ. ಎದ್ದು ನಿಂತಳು. ಮೊದಲ ಎರಡು ವಾಕ್ಯ ಎಂದಿನವೇ. ಆಮೇಲೆ, ತಾನು ಹೇಳುತ್ತೇನೆಂದು ತನಗೇ ಗೊತ್ತಿರದಿದ್ದ ಮಾತು ಬಂತು. "ನಾನಾಡೋ ಈ ಮಾತು ನಿಮ್ಮ ಮಕ್ಕಳ ಮಾತಲ್ಲ. ಮುಂದೆ ಕೂತಿರೋ ನಮ್ಮದು. ಇವತ್ತು ಒಳಗೆ ನೋಡ್ದೆ, ಮಕ್ಕಳು ಹಾಡು ಕಲಿತ ಹಾಗೆ ಕಲಿತಿದಾರೆ, ಅರ್ಥ ಆಗೋದಿಲ್ಲ. ಮಿಸ್ ಜೆರ್ಲಿನ್‌ದು ಇದರಲ್ಲಿ ತಪ್ಪಿಲ್ಲ. ಮಗು ಮನೆಯಿಂದ ತಂದ ಮಾತಲ್ಲೇ ಕಲೀಬೇಕು ಅಂತ ನಾನು ಹೇಳಿದ್ದು ನಿಜವಾದರೆ, ಇವರು ತಂದಿರೋ ಮಾತು ಬೇರೆ. 'ಬಿಸಿ ಮಾಡ್ತಾ ಐತೆ' ಅನ್ನೋ ಮಾತು. ಅದನ್ನ ನಾವು ಹುಳುಕು ಅಂತೀವಿ. ನಾನೂ ಅಂದೆ. ಅದು ತಪ್ಪು. ಮೊದಲ ಪುಸ್ತಕ ಅದರಲ್ಲಿ ಇರ್ಬೇಕಿತ್ತು."

ಮುಂದಿನ ಸಾಲಿನ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾ ಟಿಟಿನ್ ಬಾಯಿ ಬಿಗಿ ಹಿಡಿದಳು. ಹಿಂದಿನ ಸಾಲುಗಳು ಇಂಗ್ಲಿಷಿಗಾಗಿ ಮರ್ಯಾದೆಯಿಂದ ಕಾಯುತ್ತಿದ್ದವು. ಮಾರ್ಟಿನಸ್ ಮೈಕು ತೆಗೆದುಕೊಂಡ. ಸರಾಗವಾದ ಇಂಗ್ಲಿಷಿನಲ್ಲಿ, "ಡಾಕ್ಟರಿಗೆ ಮಕ್ಕಳನ್ನು ನೋಡಿ ತುಂಬಾ ಸಂತೋಷವಾಗಿದೆ. ನಮ್ಮ ಹಿರಿಯರ ಮಾತು ಈ ಊರಲ್ಲಿ ಮತ್ತೆ ಹುಟ್ಟಿದೆ ಅಂತಾರೆ. ಮಿಸ್ ಜೆರ್ಲಿನ್ ಅವರನ್ನು ಮೆಚ್ಚಿಕೊಂಡಿದ್ದಾರೆ," ಎಂದ.

ಚಪ್ಪಾಳೆ ಬಿತ್ತು. ಒಂದು ಮಗು ಹೂವು ತಂದು ಕೊಟ್ಟಿತು. ಹೂವು ಹಿಡಿದು ಅನ್ಸೆಲ್ಮಾ ನಿಂತಿದ್ದಳು. ಕೂತುಬಿಟ್ಟರೆ ಎಲ್ಲವೂ ಸರಿಯಿತ್ತು. ಹತ್ತು ಶಾಲೆ, ಮಾರ್ಟಿನಸ್‌ನ ಕೆಲಸ, ಅವಳ ಹೆಸರು. ಅವಳಾಡಿದ ನಿಜ, ಅರ್ಥವಾದವರಿಗೆ ಬೇಡದ್ದು, ಬೇಕಾದವರಿಗೆ ಅರ್ಥವಾಗದ್ದು. ಕೈ ಚಾಚಿ ಮೈಕು ಕೇಳಿದಳು. "ಅದು ನಾನು ಹೇಳಿದ್ದಲ್ಲ," ಎಂದಳು ಇಂಗ್ಲಿಷಿನಲ್ಲಿ. ಹಳೆಯ ಹಟ ಇಷ್ಟು ಸುಲಭವಾಗಿ ಮುರಿಯುತ್ತದೆಂದು ಗೊತ್ತಿರಲಿಲ್ಲ. ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು. ಆದರೆ ಅವಳ ಇಂಗ್ಲಿಷು ಆ ಸಿಸ್ಟರು ಕೊಟ್ಟದ್ದು. ಅದರಲ್ಲಿ ಏನು ಹೇಳಿದರೂ ಗದರಿಸಿದಂತೆ ಕೇಳುತ್ತಿತ್ತು.

ಹಿಂದಿನಿಂದ ಒಬ್ಬ ಎದ್ದ. ವ್ಯಾನ್ ಓಡಿಸುವ ಗ್ರೆಗರ್, ಅವನ ಮಗನೂ ಅದೇ ತರಗತಿಯಲ್ಲಿದ್ದ. "ಡಾಕ್ಟ್ರೇ, ತಪ್ಪು ತಿಳೀಬೇಡಿ. ಪತ್ವಾ ಕಲಿಸ್ತೀವಿ ಅಂದ್ರಿ, ಆಗ್ಲಿ ಅಂದ್ವಿ, ಅಜ್ಜಿ ಕಾಲದ್ದು, ಹಬ್ಬಕ್ಕೆ ಕುಣಿಯೋಕಾಯ್ತದೆ. ಈಗ ನಮ್ಮ ಹುಳುಕನ್ನೇ ಪುಸ್ತಕ ಮಾಡ್ತೀವಿ ಅಂತೀರಿ. ನನ್ ಮಗ ದೊಡ್ಡೋನಾಗಿ ಬ್ಯಾಂಕಲ್ಲಿ 'ಬಿಸಿ ಮಾಡ್ತಾ ಐತೆ' ಅಂದ್ರೆ ಒಳಗೆ ಬಿಡ್ತಾರಾ? ಅದನ್ನ ಬಿಡ್ಸಿ ಅಂತ್ಲೇ ಅಲ್ವಾ ನಾವು ಇಸ್ಕೂಲಿಗೆ ಕಳ್ಸೋದು?" ಜನ ನಕ್ಕರು, ಅವನ ಪರವಾದ ನಗು.

ಈ ಮಾತನ್ನು ಅನ್ಸೆಲ್ಮಾ ಅಕ್ಷರ ಅಕ್ಷರವಾಗಿ ಬಲ್ಲಳು. ನಲವತ್ತು ವರ್ಷದ ಹಿಂದೆ ಚರ್ಚಿನ ಹಜಾರಗಳಲ್ಲಿ ಜನ ಎದ್ದು ನಿಂತು ಕ್ವೆಯೋಲ್ ಬಗ್ಗೆ ಇದನ್ನೇ ಕೇಳುತ್ತಿದ್ದರು. ಸ್ವಂತ ಅವ್ವ ಕೇಳಿದ್ದಳು. ಆಗ ಅವಳು ತಲೆ ಎತ್ತಿ, ನೋಡಿ, ನಾನು ಇದನ್ನಾಡಿಯೇ ಬೆಳೆದವಳು, ಎಂದು ಕ್ವೆಯೋಲ್‌ನಲ್ಲಿ ಒಂದು ಗಾದೆ ಹೊಡೆದರೆ ಹಜಾರ ಅವಳದಾಗುತ್ತಿತ್ತು. ಉತ್ತರ ಈಗಲೂ ಇತ್ತು. ಆಡುವ ನಾಲಿಗೆ ಇರಲಿಲ್ಲ. "ನೀವೇ ಒಂದ್ಸಲ ಅದರಲ್ಲಿ ಮಾತಾಡಿ ನೋಡಾಣ ಡಾಕ್ಟ್ರೇ," ಎಂದು ಒಬ್ಬ ಹೆಂಗಸು, ಕೀಟಲೆಗಲ್ಲ, ನಿಜಕ್ಕೂ ಕೇಳುವ ಹಾಗೆ ಅಂದಳು. ಅನ್ಸೆಲ್ಮಾ ಬಾಯಿ ತೆರೆದಳು. "ಇವತ್ತು ಬಿಸಿ ಮಾಡ್ತಾ ಐತೆ..." ಎಂದಳು. ದನಿ ಏರಬೇಕಾದಲ್ಲಿ ಇಳಿಯಿತು. ಪಟ್ಟಣದವರು ನಾಟಕದಲ್ಲಿ ಹಳ್ಳಿಯವರನ್ನು ಅಣಕಿಸುವ ಹಾಗೆ ಕೇಳಿಸಿತು. ಯಾರೂ ನಗಲಿಲ್ಲ. ಒಂದೊಂದೇ ಮುಖ ಮುಚ್ಚಿಕೊಂಡದ್ದನ್ನು ಅವಳು ಕಂಡಳು. ಮಾ ಟಿಟಿನ್ ಎದ್ದು, ಲಂಗ ಕೊಡವಿ, ಹೊರಗೆ ಹೋದಳು.

"ಮುಂದಿನ ವರ್ಷ ಕ್ವೆಯೋಲೂ ಇರೋದಿಲ್ಲ, ನೀವು ಹೇಳಿದ ಆ ಪುಸ್ತಕಾನೂ ಇರೋದಿಲ್ಲ," ಎಂದ ಮಾರ್ಟಿನಸ್ ಆಮೇಲೆ, ಕುರ್ಚಿ ಮಡಿಸುತ್ತ. ಕೋಪದ ದನಿಯಲ್ಲ. "ಅವತ್ತು ನೀವು ಅದು ಭಾಷೆಯಲ್ಲ ಅಂದಿರಿ. ನಾನು ನಂಬಿದೆ ಡಾಕ್ಟ್ರೇ. ಮನೇಲಿ ನನ್ನ ಮಕ್ಕಳನ್ನ ದಿನಾ ತಿದ್ತಾ ಬಂದೆ. ದೊಡ್ಡವಳು ಈಗ ನನ್ನ ಹತ್ರ ಮಾತೇ ಆಡೋದಿಲ್ಲ, ಹೂಂ, ಉಹೂಂ, ಅಷ್ಟೆ. ವಯಸ್ಸು ಅಂದ್ಕೊಂಡಿದ್ದೆ."

"ನನ್ನ ತಪ್ಪು," ಎಂದಳು. ಅದು ಯಾವ ಭಾಷೆಯಲ್ಲೂ ಸಾಲುವ ಮಾತಾಗಿರಲಿಲ್ಲ. ಆ ಟೇಪುಗಳು ಇನ್ನೂ ಇವೆಯೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಇದ್ದು ಜನರನ್ನು ಸಮಾಧಾನ ಮಾಡಬೇಕೆಂದ. ನಾನು ವ್ಯಾನಿನಲ್ಲಿ ಹೋಗುತ್ತೇನೆ ಎಂದಳು. ಅವನು ಬೇಡವೆನ್ನಲಿಲ್ಲ.

ವ್ಯಾನ್ ಗ್ರೆಗರ್‌ನದೇ. ಅವನು ಇಳಿದು ಬಾಗಿಲು ತೆಗೆದು, ಮೊಣಕೈ ಹಿಡಿದು ಹತ್ತಿಸಿದ. "ಕಿಟಕಿ ಹತ್ರ ಕೂತ್ಕೊಳ್ಳಿ ಡಾಕ್ಟ್ರೇ, ಗಾಳಿ ಬರ್ತದೆ," ಎಂದ. ಸಭೆಯ ಮಾತು ಎತ್ತಲಿಲ್ಲ. ಮುಂದಿನ ಸೀಟಿನಲ್ಲಿ ಮಾ ಟಿಟಿನ್ ಆಗಲೇ ಕೂತಿದ್ದಳು, ತಿರುಗಲಿಲ್ಲ. ಶರ್ನೆಲ್ ಅನ್ಸೆಲ್ಮಾಳ ಪಕ್ಕದಲ್ಲೇ ಕೂರಬೇಕಾಯಿತು, ಆಚೆ ಅವಳ ಗೆಳತಿ. ವ್ಯಾನ್ ಹೊರಟಿತು. ಅನ್ಸೆಲ್ಮಾ ಬಹಳ ಹೊತ್ತು ಮಾತು ಹುಡುಕಿ, "ಬೆಳಿಗ್ಗೆ ನಿನ್ನ ಗ್ರ್ಯಾನಿ ಕಲ್ಲಿನ ಮೇಲೆ ಕೂತ್ರಲ್ಲ, ಆಮೇಲೆ ಏನಾಯ್ತು?" ಎಂದಳು. ಶರ್ನೆಲ್ ಯೋಚಿಸಿದಳು. ತುಟಿ ಒಳಗೊಳಗೇ ಆಡಿತು, ಪದ ಜೋಡಿಸಿತು, ಒಂದನ್ನು ತೆಗೆದು ಇನ್ನೊಂದನ್ನಿಟ್ಟಿತು. "ಅವರು ಎದ್ದು ಬಂದರು, ಮಿಸ್." "ನೀನು ಕೈ ಹಿಡಿದು ಎಳೆದೆಯಾ?" "ಹೌದು, ಮಿಸ್." ಒಂದೂ ತಪ್ಪಿಲ್ಲದ ಇಂಗ್ಲಿಷ್. ಮಗು ಮಂಡಿಯ ಮೇಲೆ ಕೈಯಿಟ್ಟು, ಮುಂದಿನ ಪ್ರಶ್ನೆಗೆ ಸಿದ್ಧವಾಗಿ, ನೆಟ್ಟಗೆ ಕೂತಿತ್ತು.

ಅನ್ಸೆಲ್ಮಾ ಮುಂದೇನೂ ಕೇಳಲಿಲ್ಲ. ತಲೆಯನ್ನು ಕಿಟಕಿಗೆ ಆನಿಸಿ, ಆ ಕಡೆ ಮುಖ ತಿರುಗಿಸಿ, ಕಣ್ಣು ಮುಚ್ಚಿದಳು. ಉಸಿರನ್ನು ಉದ್ದ ಮಾಡಿದಳು. ಎರಡು ತಿರುವು ಕಳೆದವು, ಮೂರು ಕಳೆದವು. ಗೆಳತಿ ಏನೋ ಪಿಸುಗುಟ್ಟಿದಳು. "ಮಲಗ್ತು," ಎಂದಳು ಶರ್ನೆಲ್. ಆಮೇಲೆ ಮೆಲ್ಲಗೆ ಶುರುವಾಯಿತು. ಬೆಳಿಗ್ಗೆ ಒಳಗೇ ಉಳಿದಿದ್ದದ್ದು ಒಂದಕ್ಕೊಂದು ತಳ್ಳಿಕೊಂಡು ಹೊರಗೆ ಬಂತು: ಕಲ್ಲು, ಗ್ರ್ಯಾನಿಯ ಕಾಲು, ಎದುರು ಬಂದ ಆಡು, ಗ್ರ್ಯಾನಿ ಆಡಿಗೆ ಬೈದದ್ದು. ದನಿ ಏರುವಲ್ಲಿ ಏರುತ್ತಿತ್ತು, ಇಳಿಯುವಲ್ಲಿ ಇಳಿಯುತ್ತಿತ್ತು. ಅನ್ಸೆಲ್ಮಾ ಒಂದು ಮಾತೂ ಬಿಡದೆ ಕೇಳಿದಳು. ಕಥೆ ಆಡಿನಿಂದ ಶಾಲೆಗೆ ಬಂತು, ಶಾಲೆಯಿಂದ ಪುಟ್ಟ ಕುರ್ಚಿಯ ಮೇಲೆ ಕೂತ ಒಬ್ಬ ಮುದುಕಿಗೆ ಬಂತು. ಶರ್ನೆಲ್ ಮೂಗಿನಲ್ಲಿ ದನಿ ತೆಗೆದು, ಗದ್ದ ಮೇಲಕ್ಕೆತ್ತಿದ್ದಳೋ ಏನೋ, "ಇನ್ನೊಮ್ಮೆ ಸರಿಯಾಗಿ ಹೇಳು ನೋಡೋಣ," ಎಂದಳು. ಗೆಳತಿ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಇನ್ನೊಂದ್ಸಲ ಮಾಡು, ಎಂದಳು. ಶರ್ನೆಲ್ ಮಾಡಿದಳು. ಈ ಸಲ ಇನ್ನೂ ಚೆನ್ನಾಗಿತ್ತು, ಅನ್ಸೆಲ್ಮಾಳ ದನಿಯೇ. ಅವಳಿಗೆ ನಗು ಬಂತು. ತುಟಿ ಅಲುಗದ ಹಾಗೆ ಹಲ್ಲು ಕಚ್ಚಿ ಹಿಡಿದಳು. ನಿದ್ದೆ ಹೋದವರು ನಗಬಾರದು, ನಕ್ಕರೆ ಮಗು ಮಾತು ನಿಲ್ಲಿಸಿಬಿಡುತ್ತದೆ.